ಮಗುವಿನ ರಕ್ತದಲ್ಲಿ ಸೀಸ: ಅದು ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದು ಹೇಗೆ?

ಮಗುವಿನ ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ 12 ಮೈಕ್ರೋಗ್ರಾಂ ಸೀಸ ಇದೆ ಎಂಬ ವರದಿ ಬಂದರೆ ಅದರಿಂದ ತಿಳಿಯುವುದು ಇಷ್ಟೇ: ಮಗುವಿನ ಮೈಗೆ ಇತ್ತೀಚೆಗೆ ಸೀಸ ಸೇರಿದೆ, ಬಹುಶಃ ಈಗಲೂ ಸೇರುತ್ತಿದೆ. ಅದು ಗೋಡೆಯ ಬಣ್ಣದಿಂದ ಬಂತೋ, ಸಾರು ಕುದಿಸಿದ ಪಾತ್ರೆಯಿಂದ ಬಂತೋ, ಅಪ್ಪನ ಕೆಲಸದ ಬಟ್ಟೆಯಿಂದ ಬಂತೋ, ಆ ಅಂಕಿ ಹೇಳುವುದಿಲ್ಲ. ಅದನ್ನು ತಿಳಿಯಲು ವೈದ್ಯರು ಮನೆಗೆ ಹೋಗಬೇಕು, ಇಲ್ಲವೇ ಮನೆಗೆ ಹೋಗಬಲ್ಲವರ ಜೊತೆ ಕೆಲಸ ಮಾಡಬೇಕು. ಮುಂಬೈಯಂಥ ಊರಿನಲ್ಲಿ ಸೀಸದ ಸಂಶೋಧನೆ ಒಂದೇ ವಿಭಾಗದವರ ಕೈಯಲ್ಲಿ ಮುಗಿಯುವ ಕೆಲಸವಲ್ಲ.

ಸೀಸದಿಂದ ನಮ್ಮ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಆದರೂ ಕರುಳು ಅದನ್ನು ಕಬ್ಬಿಣ, ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಒಳಗೆ ಬಿಟ್ಟುಕೊಳ್ಳುತ್ತದೆ. ದೊಡ್ಡವರು ಊಟದ ಜೊತೆ ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸೇರುತ್ತದೆ. ಮಗುವಿಗೆ ಕಬ್ಬಿಣದ ಕೊರತೆ ಇದ್ದರೆ ಇನ್ನೂ ಹೆಚ್ಚು. ಒಳಗೆ ಬಂದ ಸೀಸ ಹಿಮೋಗ್ಲೋಬಿನ್ ತಯಾರಾಗುವುದನ್ನೇ ತಡೆಯುವುದರಿಂದ ರಕ್ತಹೀನತೆ ಮತ್ತಷ್ಟು ಬಿಗಡಾಯಿಸುತ್ತದೆ. ರಕ್ತದಲ್ಲಿರುವ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು. ಎಲುಬಿಗೆ ಸೇರಿದ್ದು ದಶಕಗಳ ಕಾಲ ಅಲ್ಲೇ ಉಳಿದು, ಗರ್ಭಿಣಿಯಾದಾಗ ಎಲುಬಿನ ಕ್ಯಾಲ್ಸಿಯಂ ಜೊತೆಗೇ ಹೊರಬಂದು ಹೊಟ್ಟೆಯೊಳಗಿನ ಕೂಸಿಗೂ ತಲುಪುತ್ತದೆ.

ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟ ಈವರೆಗೆ ಸಿಕ್ಕಿಲ್ಲ. ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮೂಲ ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅದೇ ವರ್ಷ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಕ್ಕಳಿಗಾಗಿ ತನ್ನ ಗೆರೆಯನ್ನು 3.5ಕ್ಕೆ ಇಳಿಸಿತು. ಸೀಸವನ್ನು ಮೈಯಿಂದ ಹೊರತೆಗೆಯುವ ಔಷಧಿ ಕೊಡುವುದು ಮಕ್ಕಳಲ್ಲಿ 45 ಮುಟ್ಟಿದ ಮೇಲೆ. ನಡುವಿನ ಮಕ್ಕಳೇ ಬಹುಪಾಲು. ಇವರಿಗೆ ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ನೋಡಿದರೆ ಆರೋಗ್ಯವಾಗಿಯೇ ಇರುತ್ತಾರೆ. ಪೆಟ್ಟು ಬೀಳುವುದು ಕಲಿಕೆಗೆ, ಗಮನಕ್ಕೆ. ಇವರಿಗೆ ಚಿಕಿತ್ಸೆ ಎಂದರೆ ಮೂಲವನ್ನು ಕಂಡುಹಿಡಿದು ನಿಲ್ಲಿಸುವುದೇ.

ಮುಂಬೈಯಲ್ಲಿ 1997ರಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಸುಮಾರು ಶೇ 62ರಷ್ಟು ಮಂದಿಯ ರಕ್ತದಲ್ಲಿ 10 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಇತ್ತು. 2000ದ ಹೊತ್ತಿಗೆ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. 2002ರಲ್ಲಿ ಇದೇ ಊರಿನ ಇನ್ನೊಂದು ಅಧ್ಯಯನದಲ್ಲಿ ಆ ಪಾಲು ಶೇ 33ರ ಆಸುಪಾಸಿಗೆ ಇಳಿದಿತ್ತು. ಎರಡೂ ಸಲ ಪರೀಕ್ಷೆಯಾದ ಮಕ್ಕಳು ಬೇರೆ ಬೇರೆ, ಆದ್ದರಿಂದ ಇಳಿಕೆಯನ್ನು ಕೊನೆಯ ದಶಮಾಂಶದವರೆಗೆ ನಂಬಬೇಕಿಲ್ಲ. ದಿಕ್ಕಿನಲ್ಲಿ ಮಾತ್ರ ಅನುಮಾನವಿಲ್ಲ. ಪೆಟ್ರೋಲ್ ಹೋದ ಮೇಲೂ ಮೂರರಲ್ಲಿ ಒಂದು ಮಗುವಿಗೆ ಸೀಸ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೇ ಉಳಿಯಿತು. ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತು. ಪೆಟ್ರೋಲ್ ಊರಿಗೆಲ್ಲ ಒಂದೇ ಮೂಲವಾಗಿತ್ತು. ಒಂದು ಸರ್ಕಾರಿ ಆದೇಶ ಸಾಕಾಯಿತು. ಈಗ ಉಳಿದಿರುವ ಮೂಲಗಳು ಮನೆಯಿಂದ ಮನೆಗೆ ಬದಲಾಗುತ್ತವೆ.

ಹಾಗಾಗಿ ಇಂಥ ಅಧ್ಯಯನಕ್ಕೆ ನಾಲ್ಕು ಬಗೆಯ ಜನ ಬೇಕು: ಮಕ್ಕಳ ವೈದ್ಯರು, ಪ್ರಯೋಗಾಲಯದ ರಸಾಯನಶಾಸ್ತ್ರಜ್ಞರು, ದೂಳು–ಮಣ್ಣು–ನೀರಿನ ಮಾದರಿ ತೆಗೆಯಲು ಬಲ್ಲವರು, ಆ ಗಲ್ಲಿಯ ಮನೆಗಳೊಳಗೆ ಸಲುಗೆಯಿಂದ ಹೋಗಬಲ್ಲ ಆರೋಗ್ಯ ಸ್ವಯಂಸೇವಕಿ. ಕೊನೆಯವಳನ್ನು ಹಲವು ತಂಡಗಳು ಬರೀ ಸಹಾಯಕಿ ಎಂದು ಎಣಿಸುತ್ತವೆ. ಅದು ದೊಡ್ಡ ತಪ್ಪು. ಧಾರಾವಿಯ ಚಾಳಿನಲ್ಲಿರುವ ಕಲಬುರಗಿ ಕಡೆಯ ತಾಯಿಯೊಬ್ಬರು ಸೀಸ ಇರಬಹುದಾದ ನಾಟಿ ಭಸ್ಮವನ್ನು ಮಗುವಿಗೆ ನೆಕ್ಕಿಸುತ್ತಿರುವುದನ್ನು ಬಿಳಿ ಕೋಟಿನವರ ಮುಂದೆ ಹೇಳುವುದಿಲ್ಲ. ತಮ್ಮ ಮಾತಿನಲ್ಲೇ ಮಾತಾಡುವ ಹೆಂಗಸಿನ ಮುಂದೆ ಹೇಳುತ್ತಾರೆ. ಆ ಒಂದು ಉತ್ತರ ಸಿಗದಿದ್ದರೆ ಲಕ್ಷಾಂತರ ರೂಪಾಯಿಯ ಯಂತ್ರಕ್ಕೆ ಕೆಲಸವೇ ಇಲ್ಲ.

ರಕ್ತ ತೆಗೆಯುವಾಗಲೇ ಮೊದಲ ಎಡವಟ್ಟು ಆಗುವುದು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ದೂಳಿನ ಸೀಸ ರಕ್ತದ ಹನಿಗೆ ಬೆರೆತು ಅಂಕಿ ಸುಳ್ಳಾಗಿ ಏರುತ್ತದೆ. ಆದ್ದರಿಂದ ಮಗುವಿನ ಕೈಯನ್ನು ಸೋಪು, ಶುದ್ಧ ನೀರಿನಿಂದ ತೊಳೆದು, ಗಾಳಿಗೆ ಆರಲು ಬಿಟ್ಟು, ತೊಳೆದ ಬೆರಳು ಬಟ್ಟೆಗೂ ಮೇಜಿಗೂ ತಾಗದಂತೆ ಹಿಡಿದು, ಸ್ಪಿರಿಟ್ ಹಚ್ಚಿ ಒಣಗಿದ ಮೇಲೆ ಚುಚ್ಚಬೇಕು. ಮೊದಲ ಹನಿಯನ್ನು ಒರೆಸಿ ಬಿಡಬೇಕು. ಬೆರಳಿನ ರಕ್ತದಲ್ಲಿ ಹೆಚ್ಚು ಬಂದರೆ ಅದನ್ನು ಸೂಚನೆ ಎಂದಷ್ಟೇ ತಿಳಿದು, ತೋಳಿನ ನಾಳದಿಂದ ಮತ್ತೆ ತೆಗೆದು ಖಚಿತಪಡಿಸಿಕೊಳ್ಳಬೇಕು. ಅದಕ್ಕೂ ಸಾಮಾನ್ಯ ಟ್ಯೂಬ್ ಸಾಲದು, ಲೋಹಗಳಿಲ್ಲವೆಂದು ಖಾತ್ರಿಪಡಿಸಿದ ಟ್ಯೂಬ್ ಬೇಕು. ಸೀಸದ ಬಹುಪಾಲು ಕೆಂಪುಕಣಗಳಲ್ಲೇ ಇರುವುದರಿಂದ ಇಡೀ ರಕ್ತವನ್ನೇ ಅಳೆಯಬೇಕು. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಥವಾ ಕಣಗಳಿಲ್ಲದ ತಿಳಿ ದ್ರವವನ್ನಷ್ಟೇ (ಸೀರಂ) ಬೇರ್ಪಡಿಸಿ ಕಳಿಸಿದರೆ ಆ ಮಾದರಿ ವ್ಯರ್ಥ.

ಈಗ ಮನೆಯೊಳಗೆ. ಕರಾವಳಿಯಿಂದ ಮುಂಬೈಗೆ ಬಂದ ಕುಟುಂಬಗಳಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳು ಇನ್ನೂ ಇವೆ. ಹಬ್ಬಕ್ಕೆ, ಸಮಾರಂಭದ ಅಡುಗೆಗೆ ಅವೇ ಹೊರಬರುತ್ತವೆ. ಇವುಗಳ ಒಳಮೈಗೆ ಕಲಾಯಿ ಬೇಕು. ಕಲಾಯಿಯವನು ಪಾತ್ರೆಯನ್ನು ಉಜ್ಜಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಕರಗಿದ ಲೋಹವನ್ನು ಹತ್ತಿ ಬಟ್ಟೆಯಿಂದ ಒಳಗೆಲ್ಲ ಸವರುತ್ತಾನೆ. ನವಸಾಗರ ಲೋಹದ ಮೇಲಿನ ಆಕ್ಸೈಡನ್ನು ತೆಗೆದುಹಾಕುವುದರಿಂದ ತವರ ಗಟ್ಟಿಯಾಗಿ ಹಿಡಿಯುತ್ತದೆ. ಶುದ್ಧ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವರ ದುಬಾರಿ, ಸೀಸ ಅಗ್ಗ. ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಸೀಸ ಬೆರೆಸಿದ ತವರ 183 ಡಿಗ್ರಿಗೇ ಕರಗಿ ನೀರಿನಂತೆ ಹರಡುತ್ತದೆ. ಬೆಸುಗೆಗೆ ಬಳಸುವುದು ಇದನ್ನೇ. ಅಗ್ಗವೂ ಆಯಿತು, ಕೆಲಸವೂ ಸಲೀಸು. ಹೀಗಾಗಿ ಬೆಸುಗೆಯ ಕಡ್ಡಿ ಕಲಾಯಿಗೆ ಬಂದುಬಿಡುತ್ತದೆ. ಪಾತ್ರೆ ಬೆಳ್ಳಿಯಂತೆ ಹೊಳೆಯುವುದರಿಂದ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದರಲ್ಲಿ ಹುಣಸೆಹುಳಿ, ಟೊಮೆಟೊ ಹಾಕಿ ಸಾರು ಕುದಿಸಿ ರಾತ್ರಿಯೆಲ್ಲ ಬಿಟ್ಟರೆ ಆಮ್ಲ ಸೀಸವನ್ನು ಸೆಳೆದುಕೊಳ್ಳುತ್ತದೆ.

ಕಡ್ಡಿಯನ್ನು ಕೈಗೆ ತೆಗೆದುಕೊಂಡು ನೋಡುವುದಕ್ಕೆ ಹಳೆಯ ಎರಡು ಉಪಾಯಗಳಿವೆ. ಶುದ್ಧ ತವರದ ಕಡ್ಡಿ ಬಗ್ಗಿಸಿದಾಗ ಕಿರ್ರೆಂದು ಸದ್ದು ಮಾಡುತ್ತದೆ. ಸೀಸ ಹೆಚ್ಚಿರುವ ಕಡ್ಡಿ ಬಿಳಿ ಕಾಗದದ ಮೇಲೆ ಎಳೆದರೆ ಬೂದು ಗೆರೆ ಬಿಡುತ್ತದೆ. ಇವು ಸುಳಿವು ಮಾತ್ರ. ಸ್ವಲ್ಪ ಸೀಸ ಇರುವ ಕಡ್ಡಿ ಎರಡನ್ನೂ ದಾಟಿಬಿಡಬಹುದು. ವಸ್ತುವಿನಲ್ಲಿ ಯಾವ ಲೋಹಗಳಿವೆ ಎಂದು ತೋರಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಇದ್ದರೆ ಸಾಕು ಎಂದುಕೊಳ್ಳುವವರು ಇಲ್ಲಿ ಎಡವುತ್ತಾರೆ. ಕಲಾಯಿಯ ಪದರ ಬಹಳ ತೆಳು, ಕಿರಣ ಅದನ್ನು ದಾಟಿ ಹಿತ್ತಾಳೆಗೂ ಹೋಗುತ್ತದೆ, ಎಷ್ಟೋ ಹಿತ್ತಾಳೆಗಳಲ್ಲಿ ಸೀಸ ಇದ್ದೇ ಇರುತ್ತದೆ. ಯಂತ್ರ ತೋರಿಸಿದ ಸೀಸ ಯಾವ ಪದರದ್ದು ಎಂದು ತಿಳಿಯದು. ತೀರ್ಮಾನ ಕೊಡುವುದು ಸೋರಿಕೆಯ ಪರೀಕ್ಷೆ. ಪಿಂಗಾಣಿ ಪಾತ್ರೆಗಳಿಗೆ ಬಳಸುವ ಪದ್ಧತಿಯಂತೆ ಶೇ 4ರ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಕೋಣೆಯ ತಾಪದಲ್ಲಿ ಇಟ್ಟು, ಆ ದ್ರಾವಣದಲ್ಲಿನ ಸೀಸ ಅಳೆಯುವುದು. ಜೊತೆಗೆ ಅದೇ ಪಾತ್ರೆಯಲ್ಲಿ ಆ ಮನೆಯವರು ಮಾಡುವಷ್ಟೇ ಹುಳಿಯ ಸಾರು ಕುದಿಸಿ ಅಳೆದರೆ ಮಗು ನಿಜವಾಗಿ ತಿನ್ನುವ ಪ್ರಮಾಣ ಗೊತ್ತಾಗುತ್ತದೆ. ಎರಡನೆಯದನ್ನು ಬಿಟ್ಟುಬಿಡುವುದು ಸರಿಯಲ್ಲ, ಏಕೆಂದರೆ ಕೋಣೆಯ ತಾಪದ ಆಮ್ಲಕ್ಕೂ ಕುದಿಯುವ ಸಾರಿಗೂ ಬಹಳ ಅಂತರವಿದೆ.

ಅರಿಶಿನ ಇನ್ನೊಂದು ಮೂಲ. ಮಂಕಾದ ಕೊಂಬಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಹಚ್ಚುವುದುಂಟು. ಆಹಾರ ಪ್ರಯೋಗಾಲಯದ ಸರಳ ಪರೀಕ್ಷೆ ಹೀಗೆ: ಪುಡಿಯನ್ನು ಸುಟ್ಟು ಬೂದಿ ಮಾಡಿ, 1:7ರ ಗಂಧಕಾಮ್ಲದಲ್ಲಿ ಕರಗಿಸಿ ಸೋಸಿ, ಶೇ 0.1ರ ಡೈಫಿನೈಲ್‌ಕಾರ್ಬಜೈಡ್ ಒಂದೆರಡು ಹನಿ ಹಾಕಿದರೆ ಗುಲಾಬಿ ಬಣ್ಣ ಬಂದರೆ ಕ್ರೋಮೇಟ್ ಇದೆ. ದೊಡ್ಡ ಯಂತ್ರದಲ್ಲಿ ಅಳೆಯುವವರು ಸೀಸದ ಜೊತೆ ಕ್ರೋಮಿಯಂ ಅನ್ನೂ ಅಳೆಯಬೇಕು. ಈ ಬಣ್ಣದ ಪ್ರತಿ ಅಣುವಿನಲ್ಲಿ ಒಂದು ಸೀಸ, ಒಂದು ಕ್ರೋಮಿಯಂ. ತೂಕದಲ್ಲಿ ಸುಮಾರು 4ಕ್ಕೆ 1. ಪುಡಿಯಲ್ಲಿ ಅದೇ ಅನುಪಾತ ಕಂಡರೆ ಅದು ಮಣ್ಣಿನಿಂದ ಬಂದ ಸೀಸವಲ್ಲ, ಕೈಯಾರೆ ಬೆರೆಸಿದ್ದು.

ಬಾಂಗ್ಲಾದೇಶದಲ್ಲಿ ಇದೇ ಹಾದಿಯಲ್ಲಿ ಹೋದವರು ಗೆದ್ದಿದ್ದಾರೆ. ಢಾಕಾದ ಐಸಿಡಿಡಿಆರ್,ಬಿ ಸಂಸ್ಥೆ ಮತ್ತು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಗರ್ಭಿಣಿಯರ ರಕ್ತದ ಸೀಸವನ್ನೂ ಅರಿಶಿನದ ಸೀಸವನ್ನೂ ಐಸೊಟೋಪ್ ಲೆಕ್ಕದಲ್ಲಿ ಹೋಲಿಸಿ ಸಂಬಂಧ ತೋರಿಸಿದರು. ಐಸೊಟೋಪ್ ಎಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು. ಸೀಸದ 206, 207, 208 ಎಂಬ ಐಸೊಟೋಪ್‌ಗಳು ಯುರೇನಿಯಂ, ಥೋರಿಯಂ ಕ್ಷಯಿಸಿದಾಗಲೂ ಹುಟ್ಟುತ್ತವೆ. ಅವುಗಳ ಅನುಪಾತ ಗಣಿಯಿಂದ ಗಣಿಗೆ ಬೇರೆ. ಆ ಸಾಕ್ಷ್ಯ ಹಿಡಿದು ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ವರ್ತಕರಿಗೆ ತಿಳಿಹೇಳಿತು, ಮಾರುಕಟ್ಟೆಯಲ್ಲಿ ತಪಾಸಣೆ ನಡೆಸಿತು, ದಂಡ ವಿಧಿಸಿತು. ಸೀಸ ಕಂಡುಬಂದ ಅರಿಶಿನದ ಮಾದರಿಗಳ ಪಾಲು 2019ರಲ್ಲಿ ಶೇ 47 ಇದ್ದದ್ದು 2021ರಲ್ಲಿ ಸೊನ್ನೆಗೆ ಇಳಿಯಿತು. ರಸಾಯನಶಾಸ್ತ್ರ ಒಂದೇ ಇದ್ದಿದ್ದರೆ ಅದು ಪ್ರಬಂಧವಾಗಿ ಉಳಿಯುತ್ತಿತ್ತು. ಆದರೆ ಮುಂಬೈಯಲ್ಲಿ ಈ ಐಸೊಟೋಪ್ ವಿಧಾನಕ್ಕೆ ಮಿತಿಯಿದೆ: ಹಳೆಯ ಬ್ಯಾಟರಿಗಳನ್ನು ಮತ್ತೆ ಮತ್ತೆ ಕರಗಿಸಿದ ಸೀಸದಲ್ಲಿ ಹಲವು ಗಣಿಗಳ ಗುರುತು ಕಲಸಿಹೋಗಿರುತ್ತದೆ.

ಬ್ಯಾಟರಿ, ಬೆಸುಗೆ, ಗುಜರಿ ಕೆಲಸದವರ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಬಟ್ಟೆ. ಅಂಗಿಗೆ ಹತ್ತಿದ ದೂಳು ಹಾಸಿಗೆಗೆ, ನೆಲಕ್ಕೆ, ಅಲ್ಲಿಂದ ತೆವಳುವ ಮಗುವಿನ ಬಾಯಿಗೆ ಹೋಗುತ್ತದೆ. ಕೆಲಸದ ಜಾಗದಲ್ಲೇ ಬಟ್ಟೆ ಬದಲಿಸುವುದು, ಅದನ್ನು ಬೇರೆಯಾಗಿ ಒಗೆಯುವುದು, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು: ಇಷ್ಟರಿಂದಲೇ ವ್ಯತ್ಯಾಸ ಆಗುತ್ತದೆ. ಸಿಂಧೂರದಲ್ಲಿ ಕೆಂಪು ಸೀಸದ ಆಕ್ಸೈಡ್ ಇರಬಹುದು. ಮನೆಯ ಬಣ್ಣಕ್ಕೆ 2017ರ ನವೆಂಬರ್‌ನಿಂದ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಸೀಸದ ಮಿತಿ ಇದೆ, ಆದರೆ ಹಳೆಯ ಬಾಗಿಲಿನ ಕೆಳಪದರಗಳಿಗೆ ಆ ನಿಯಮ ಗೊತ್ತಿಲ್ಲ. ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮಿತಿ. ಪಾಶ್ಚಾತ್ಯ ಕೈಪಿಡಿಗಳು ರಾತ್ರಿಯೆಲ್ಲ ನಿಂತ ನಲ್ಲಿಯ ಮೊದಲ ನೀರು ಹಿಡಿಯಲು ಹೇಳುತ್ತವೆ. ದಿನಕ್ಕೆ ಒಂದೆರಡು ಗಂಟೆ ನೀರು ಬರುವ ಚಾಳಿನಲ್ಲಿ ಅದರ ಜೊತೆಗೆ ಮಗು ಕುಡಿಯುವ ಹಂಡೆಯ ನೀರನ್ನೂ ತೆಗೆಯಬೇಕು.

ಪ್ರಯೋಗಾಲಯವನ್ನೂ ಪರೀಕ್ಷಿಸಬೇಕು. ಮಾದರಿಗಳ ಪ್ರತಿ ಗುಂಪಿನಲ್ಲೂ ಖಾಲಿ ಟ್ಯೂಬ್ ಒಂದನ್ನು, ಒಂದೇ ಮಾದರಿಯ ಎರಡು ಭಾಗಗಳನ್ನು ಬೇರೆ ಹೆಸರಲ್ಲಿ ಕಳಿಸಬೇಕು. ಕೆಲವನ್ನು ಎರಡನೇ ಪ್ರಯೋಗಾಲಯಕ್ಕೂ ಹಂಚಬೇಕು. ವರದಿಯ ಏಕಮಾನವನ್ನು ಮೊದಲೇ ಒಪ್ಪಿಕೊಳ್ಳಬೇಕು: ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಎಂದರೆ ಲೀಟರಿಗೆ 50. ಇದನ್ನು ಗಮನಿಸದೆ ಮಗುವಿನ ಅಂಕಿಯನ್ನು ಹತ್ತುಪಟ್ಟು ತಪ್ಪಾಗಿ ಓದಿಬಿಡಬಹುದು. ಅಲ್ಲೇ ಫಲಿತಾಂಶ ಕೊಡುವ ಸಣ್ಣ ಯಂತ್ರಗಳು ಗಲ್ಲಿಯ ಶಿಬಿರಕ್ಕೆ ಅನುಕೂಲ, ಆದರೆ ಅಂಥ ಒಂದು ಬಗೆಯ ಪರೀಕ್ಷೆ ನಾಳದ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ತೋರಿಸುತ್ತಿದೆ ಎಂದು 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿ, ಕೆಲವು ಮಕ್ಕಳನ್ನು ಮತ್ತೆ ಪರೀಕ್ಷಿಸಬೇಕಾಯಿತು. ಸುಳ್ಳಾಗಿ ಕಡಿಮೆ ಬಂದ ಅಂಕಿ ಸುಳ್ಳಾಗಿ ಹೆಚ್ಚು ಬಂದದ್ದಕ್ಕಿಂತ ಕೆಟ್ಟದ್ದು. ಆ ಮಗುವನ್ನು ಯಾರೂ ಮತ್ತೆ ಕರೆಯುವುದಿಲ್ಲ.

ಯಾವುದು ಮೊದಲು ಎಂಬುದಕ್ಕೆ ನೈಜೀರಿಯಾದ ಜಂಫಾರಾ ರಾಜ್ಯದ ಅನುಭವ ಇದೆ. 2010ರಲ್ಲಿ ಅಲ್ಲಿ ಚಿನ್ನದ ಅದಿರನ್ನು ಮನೆಯಂಗಳದಲ್ಲೇ ಪುಡಿ ಮಾಡಿ, ಅದರಲ್ಲಿದ್ದ ಸೀಸದಿಂದ ಕನಿಷ್ಠ 400 ಮಕ್ಕಳು ಸತ್ತರು. ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು) ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯ ವೈದ್ಯರ ಬಳಿ ಔಷಧಿ ಇತ್ತು. ಆದರೂ ಅಂಗಳದ ಮಣ್ಣು ತೆಗೆದು ಸ್ವಚ್ಛ ಮಾಡುವ ಪರಿಸರ ತಂಡಗಳ ಕೆಲಸದ ಜೊತೆ ಚಿಕಿತ್ಸೆಯನ್ನು ಜೋಡಿಸಬೇಕಾಯಿತು, ಏಕೆಂದರೆ ಅದೇ ಅಂಗಳಕ್ಕೆ ಮರಳಿದ ಮಗುವಿಗೆ ಸೀಸ ಮತ್ತೆ ಸೇರುತ್ತದೆ.

ಮೂಲ ತೆಗೆದ ಮೇಲೆ ಒಂದರಿಂದ ಮೂರು ತಿಂಗಳಲ್ಲಿ ರಕ್ತವನ್ನು ಮತ್ತೆ ನೋಡಬೇಕು. ಆರಂಭದ ಅಂಕಿ ಹೆಚ್ಚಿದ್ದಷ್ಟೂ ಬೇಗ. ಎಲುಬಿನಿಂದ ಸೀಸ ಮರಳುತ್ತಿರುವುದರಿಂದ ಇಳಿಕೆ ನಿಧಾನವಾಗಿರಬಹುದು, ಆದರೆ ಇಳಿಯಲೇ ಬೇಕು. 12 ಇದ್ದದ್ದು 12ರಲ್ಲೇ ನಿಂತರೆ ಎರಡನೇ ಮೂಲ ಇದೆ ಎಂದು ತಿಳಿದು ಮನೆಗೆ ಇನ್ನೊಮ್ಮೆ ಹೋಗಬೇಕು. ಮಗುವಿಗೆ ಹೊಟ್ಟೆತುಂಬ ಊಟ, ಕಬ್ಬಿಣ, ಹಾಲು ಅಥವಾ ರಾಗಿಯ ಕ್ಯಾಲ್ಸಿಯಂ ಸಿಗುವಂತೆ ನೋಡಿಕೊಳ್ಳಬೇಕು. ಬರಿಹೊಟ್ಟೆಯಲ್ಲಿ ಸೀಸ ಹೆಚ್ಚು ಒಳಸೇರುತ್ತದೆ. ಕಲಾಯಿಯೇ ಕಾರಣವಾಗಿದ್ದರೆ ಹಳೆಯ ಪದರದ ಮೇಲೆ ಹೊಸದನ್ನು ಹಾಕಿಸಿದರೆ ಸಾಲದು, ಶಾಖಕ್ಕೆ ಎರಡೂ ಕರಗಿ ಬೆರೆಯುತ್ತವೆ. ಹಳೆಯದನ್ನು ಪೂರ್ತಿ ತೆಗೆಸಿ, ಸಾಬೀತಾದ ಶುದ್ಧ ತವರದಿಂದ ಹಾಕಿಸಿ, ಸೋರಿಕೆಯ ಪರೀಕ್ಷೆ ಮತ್ತೆ ಮಾಡಬೇಕು. ಅದಾಗುವವರೆಗೆ ಹುಳಿ ಅಡುಗೆಯನ್ನು ಸ್ಟೀಲ್ ಪಾತ್ರೆಯಲ್ಲಿ ಮಾಡಲಿ. ಒಬ್ಬ ಕಲಾಯಿಯವನ ಕಡ್ಡಿಯಲ್ಲಿ ಸೀಸ ಸಿಕ್ಕಿತೆಂದರೆ ಅವನು ಹೋಗುವ ಉಳಿದ ಮನೆಗಳ ಪಟ್ಟಿಯನ್ನೂ ಮಾಡಬೇಕು. ಅವನ ರಕ್ತವನ್ನೂ ಪರೀಕ್ಷಿಸಬೇಕು, ಏಕೆಂದರೆ ಆ ಹೊಗೆ, ದೂಳಿನ ನಡುವೆ ದಿನವಿಡೀ ಕೂರುವವನು ಅವನೇ.