‘ಉಸಿರಿತ್ತು’ ಎಂದು ಕಾಯಬೇಡಿ

“ಉಸಿರು ಇತ್ತರಿ ಡಾಕ್ಟರೇ, ಅದಕ್ಕ ನಾವು ಎದಿ ಮುಟ್ಟಲಿಲ್ಲ.” ಕುಸಿದವರನ್ನು ಎಮರ್ಜೆನ್ಸಿಗೆ ಹೊತ್ತು ತಂದವರು ಹೀಗೆ ಹೇಳಿದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಅದು ಉಸಿರಲ್ಲ. ಹೃದಯ ನಿಂತ ಮೇಲೂ ಕೆಲವರು ಒಂದೆರಡು ನಿಮಿಷ ಬಾಯಿ ತೆರೆದು ಆಗಾಗ ಗಾಳಿ ಎಳೆಯುತ್ತಾರೆ. ಗೊರಕೆಯಂಥ ಸದ್ದೂ ಬರಬಹುದು. ಹೆಗಲು ತಟ್ಟಿ ಕೂಗಿದರೂ ಓಗೊಡದಿದ್ದರೆ, ಉಸಿರು ಎಂದಿನಂತೆ ಇಲ್ಲದಿದ್ದರೆ, ಹೃದಯ ನಿಂತಿದೆ ಎಂದೇ ತಿಳಿಯಿರಿ. ನಾಡಿ ಹುಡುಕಬೇಡಿ. ಬಾಯಿಗೆ ನೀರು ಹಾಕಬೇಡಿ, ಈರುಳ್ಳಿ ಮೂಸಿಸಬೇಡಿ. 108ಕ್ಕೆ ಕರೆ ಮಾಡಿ, ಫೋನ್ ಸ್ಪೀಕರ್‌ನಲ್ಲಿಟ್ಟು ಎದೆ ಒತ್ತಲು ಶುರು ಮಾಡಿ. ಎದೆಯ ನಟ್ಟನಡುವೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ. ಪಕ್ಕೆಲುಬು ಮುರಿದರೆ ಆಮೇಲೆ ಕೂಡಿಕೊಳ್ಳುತ್ತದೆ.

ಏನೂ ಮಾಡದೆ ನಿಂತರೆ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಕಡಿಮೆಯಾಗುತ್ತದೆ. ಕಲಬುರಗಿಯಲ್ಲಿ ಈಗ ಜಯದೇವ ಹೃದ್ರೋಗ ಆಸ್ಪತ್ರೆಯೇ ಇದೆ, ನಿಜ. ಆದರೆ ಸಂಜೆ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲ ದಾಟಿ ಅಲ್ಲಿಗೆ ಹೋಗಬೇಕಲ್ವಾ?

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ತುರ್ತು ಕರೆ ಬಂದ ಕೂಡಲೇ ಹತ್ತಿರದ ತರಬೇತಾದ ಸ್ವಯಂಸೇವಕರ ಮೊಬೈಲಿಗೆ ಸುದ್ದಿ ಕಳಿಸಿ ನೋಡಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಂಬುಲೆನ್ಸ್ ಬರುವ ಮೊದಲೇ ಎದೆ ಒತ್ತಿಸಿಕೊಂಡವರ ಪ್ರಮಾಣ ಶೇ. 48ರಿಂದ 62ಕ್ಕೆ ಏರಿತ್ತು.

ನಮ್ಮಲ್ಲೂ ಹಾಗೆ ಸುದ್ದಿ ಕಳಿಸುವ ಆ್ಯಪ್ ಬರಲಿ ಎಂದು ಕಾಯಬೇಕಿಲ್ಲ. ಇಲ್ಲಿನ ನೆಹರು ಗಂಜ್ ಮಾರುಕಟ್ಟೆಯ ಹಮಾಲರು ದಿನವಿಡೀ ಅಲ್ಲೇ ಇರುತ್ತಾರೆ, ರಟ್ಟೆಯಲ್ಲಿ ಬಲವೂ ಇದೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗುತ್ತಾ ಒತ್ತಲು ಅವರಿಗಿಂತ ತಕ್ಕವರು ಯಾರು? ಆಟೊ ಚಾಲಕರು, ಮೆಡಿಕಲ್ ಅಂಗಡಿಯವರು, ಶರಣಬಸವೇಶ್ವರ ಜಾತ್ರೆಯ ಸ್ವಯಂಸೇವಕರೂ ಕಲಿಯಲಿ. ದಾನಿಗಳು ಮೊದಲು ಶಾಕ್ ಕೊಡುವ ಎಇಡಿ ಯಂತ್ರದ ಬಗ್ಗೆ ಕೇಳುತ್ತಾರೆ. ಯಂತ್ರ ಖಂಡಿತ ಬೇಕು. ಏನು ಮಾಡಬೇಕೆಂದು ಅದೇ ಹೇಳುತ್ತದೆ, ಶಾಕ್ ಬೇಕಿದ್ದರೆ ಮಾತ್ರ ಕೊಡುತ್ತದೆ. ಆದರೆ ಬೀಗ ಹಾಕಿದ ಕಚೇರಿಯಲ್ಲಿಟ್ಟರೆ ಸುಮ್ನೆ ದಂಡ. ಮೊದಲು ಜನ ಕಲಿಯಲಿ ಎಂಬುದು ನನ್ನ ಮಾತು.

ಇನ್ನೊಂದು ವಿಷಯ. ಹೃದಯ ನಿಲ್ಲುವುದು ಜಾಸ್ತಿ ಮನೆಯಲ್ಲೇ. ಆ ಹೊತ್ತಿಗೆ ಪಕ್ಕದಲ್ಲಿರುವುದು ಹೆಂಡತಿ, ಸೊಸೆ, ನೆರೆಮನೆಯ ಅಕ್ಕ. ಕುಸಿದವರು ಹೆಣ್ಣಾದರೆ ಗಂಡಸರು ಎದೆ ಮುಟ್ಟಲು ಹಿಂಜರಿಯುತ್ತಾರೆ. ಹಾಗಾಗಿ ಪ್ರತಿ ಓಣಿಯಲ್ಲೂ ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಮಹಿಳೆಯರಿಂದಲೇ ತರಬೇತಿ ಶುರುವಾಗಬೇಕು.