ಷೇರಿನ ಹಳೆಯ ಬೆಲೆ: ಯಾವ ಲೆಕ್ಕಕ್ಕೆ ಯಾವ ಅಂಕಿ

ಒಂದು ಕಂಪನಿಯ ಷೇರಿನ ಬೆಲೆ ಹಿಂದೊಂದು ದಿನ ಎಷ್ಟಿತ್ತು ಎಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳು ಇರಬಹುದು. ಅವುಗಳಲ್ಲಿ ಯಾವುದನ್ನು ಯಾವ ಲೆಕ್ಕಕ್ಕೆ ಬಳಸಬೇಕು ಎಂಬುದೇ ಈ ಟಿಪ್ಪಣಿಯ ವಿಷಯ. ಕಾಸರಗೋಡಿನಲ್ಲಿ ಕನ್ನಡದಲ್ಲೇ ವಾಣಿಜ್ಯಶಾಸ್ತ್ರ ಓದುತ್ತಿರುವವರನ್ನೂ, ಕಪಾಟಿನಲ್ಲಿ ಹಳೆಯ ಬ್ಯಾಂಕ್ ಷೇರುಗಳ ಕಾಗದ ಇಟ್ಟುಕೊಂಡಿರುವ ಹಿರಿಯರಿಗೆ ಲೆಕ್ಕ ವಿವರಿಸಬೇಕಾಗಿ ಬರುವ ಮನೆಯ ಮಕ್ಕಳನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ.

ಮೊದಲು ದಾಖಲೆಯ ಸ್ವರೂಪವನ್ನು ನೋಡೋಣ. ಮುಂಬೈಯ ಷೇರುಪೇಟೆಗಳಾದ ಬಿಎಸ್‌ಇ ಮತ್ತು ಎನ್‌ಎಸ್‌ಇ ಎರಡೂ ಪ್ರತಿ ವಹಿವಾಟಿನ ದಿನದ ಕೊನೆಗೆ ಭಾವ್‌ಕಾಪಿ ಎಂಬ ಕಡತವನ್ನು ಪ್ರಕಟಿಸುತ್ತವೆ. ಪ್ರತಿಯೊಂದು ಷೇರಿನ ಆರಂಭದ ಬೆಲೆ, ಆ ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆ, ಮುಕ್ತಾಯದ ಬೆಲೆ, ಕೈಬದಲಾದ ಷೇರುಗಳ ಸಂಖ್ಯೆ, ವಹಿವಾಟಿನ ಮೊತ್ತ ಇವೆಲ್ಲವೂ ಅದರಲ್ಲಿರುತ್ತವೆ. ಮುಕ್ತಾಯದ ಬೆಲೆಯೆಂದರೆ ದಿನದ ಕಟ್ಟಕಡೆಯ ವ್ಯವಹಾರದ ಬೆಲೆ ಎಂದು ಹಲವರು ತಿಳಿದಿದ್ದಾರೆ. ನಾವು ಅಧ್ಯಯನಕ್ಕೆ ಎತ್ತಿಕೊಳ್ಳುವ ವರ್ಷಗಳ ಎನ್‌ಎಸ್‌ಇ ದಾಖಲೆಗಳಲ್ಲಿ ಅದು ಕೊನೆಯ ಅರ್ಧ ಗಂಟೆಯ, ಅಂದರೆ ಮಧ್ಯಾಹ್ನ 3ರಿಂದ 3.30ರವರೆಗಿನ ವ್ಯವಹಾರಗಳ ತೂಕಬದ್ಧ ಸರಾಸರಿ. ಹೆಚ್ಚು ಷೇರು ಮಾರಾಟವಾದ ಬೆಲೆಗೆ ಅದರಲ್ಲಿ ಹೆಚ್ಚು ತೂಕ ಸಿಗುತ್ತದೆ. ಕೊನೆಯ ನಿಮಿಷದಲ್ಲಿ ಯಾರೋ ಹತ್ತು ಷೇರನ್ನು ವಿಪರೀತ ಬೆಲೆಗೆ ಕೊಂಡ ಮಾತ್ರಕ್ಕೆ ದಿನದ ದಾಖಲೆ ಕೆಡಬಾರದು ಎಂಬುದು ಇದರ ಉದ್ದೇಶ. ಹಳೆಯ ಕಡತಗಳಲ್ಲಿ ಹುಡುಕುವಾಗ ಕಂಪನಿಯ ಸಂಕೇತ ನಡುವೆ ಬದಲಾಗಿರಬಹುದು ಎಂಬುದನ್ನೂ ನೆನಪಿಡಬೇಕು: ಎನ್‌ಎಸ್‌ಇಯಲ್ಲಿ ಇನ್ಫೋಸಿಸ್‌ನ ಈಗಿನ ಸಂಕೇತ ಬಂದದ್ದೇ 2011ರಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನ ಕಡತಗಳಲ್ಲಿ ಆ ಸಂಕೇತದಿಂದ ಹುಡುಕಿದರೆ ಏನೂ ಸಿಗುವುದಿಲ್ಲ.

ಭಾವ್‌ಕಾಪಿಯಲ್ಲಿರುವುದು ಆ ದಿನ ನಿಜವಾಗಿ ಕೊಟ್ಟು ಕೊಂಡ ಬೆಲೆ. ವರ್ಷಗಳ ಅಂತರದ ಎರಡು ಬೆಲೆಗಳನ್ನು ನೇರವಾಗಿ ಹೋಲಿಸಲು ಅದು ಸಾಲದು ಎಂಬುದಕ್ಕೆ ಇನ್ಫೋಸಿಸ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1993ರಲ್ಲಿ ಆ ಕಂಪನಿ ತನ್ನ ಷೇರನ್ನು ಸಾರ್ವಜನಿಕರಿಗೆ 95 ರೂಪಾಯಿಗೆ ನೀಡಿತು. ಮೂವತ್ತೊಂದು ವರ್ಷಗಳ ನಂತರದ ಬೆಲೆಯನ್ನು 1,500 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಹಣ ಸುಮಾರು ಹದಿನಾರು ಪಟ್ಟಾಯಿತು, ಅಂದರೆ ವರ್ಷಕ್ಕೆ ಚಕ್ರಬಡ್ಡಿಯ ಲೆಕ್ಕದಲ್ಲಿ ಶೇ. 9.3ರಷ್ಟು ಬೆಳೆಯಿತು ಎಂದಾಗುತ್ತದೆ. ಬ್ಯಾಂಕಿನ ಠೇವಣಿಗಿಂತ ತುಸು ಮೇಲು, ಅಷ್ಟೇ. ಈ ಲೆಕ್ಕ ಪೂರ್ತಿ ತಪ್ಪು. ಆ ಕಂಪನಿ 1994, 1997 ಮತ್ತು 1999ರಲ್ಲಿ ಒಂದಕ್ಕೊಂದು ಬೋನಸ್ ಷೇರು, ಅಂದರೆ ಇದ್ದ ಷೇರುದಾರರಿಗೆ ಹಣ ಪಡೆಯದೆ ಹೆಚ್ಚುವರಿ ಷೇರು, ಕೊಟ್ಟಿತು. 2000ದಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 5 ರೂಪಾಯಿಯ ಎರಡು ಷೇರುಗಳಾಗಿ ಒಡೆಯಿತು. 2004ರಲ್ಲಿ ಒಂದಕ್ಕೆ ಮೂರು, 2006, 2014, 2015 ಮತ್ತು 2018ರಲ್ಲಿ ಮತ್ತೆ ಒಂದಕ್ಕೊಂದು ಬೋನಸ್ ಕೊಟ್ಟಿತು. ಒಂದಕ್ಕೊಂದು ಬೋನಸ್ ಎಂದರೆ ಷೇರಿನ ಸಂಖ್ಯೆ ಎರಡು ಪಟ್ಟು. ಒಂದಕ್ಕೆ ಮೂರು ಎಂದರೆ ನಾಲ್ಕು ಪಟ್ಟು. ಎಲ್ಲವನ್ನೂ ಗುಣಿಸಿದರೆ ಮೊದಲಿನ ಒಂದು ಷೇರು 1,024 ಷೇರುಗಳಾಗಿರುತ್ತದೆ. ಹಾಗಾಗಿ ಆ 95 ರೂಪಾಯಿಯನ್ನು 1,024ರಿಂದ ಭಾಗಿಸಬೇಕು. ಬರುವುದು ಒಂಬತ್ತೂ ಕಾಲು ಪೈಸೆ. ಅಲ್ಲಿಂದ 1,500 ರೂಪಾಯಿಗೆ ಲೆಕ್ಕ ಹಾಕಿದಾಗ ವಾರ್ಷಿಕ ಬೆಳವಣಿಗೆ ಶೇ. 36ನ್ನು ದಾಟುತ್ತದೆ, ಅದೂ ಲಾಭಾಂಶವನ್ನು ಸೇರಿಸದೆ. 9,500 ರೂಪಾಯಿ ಕೊಟ್ಟು ನೂರು ಷೇರು ಪಡೆದು ಮಾರದೆ ಇಟ್ಟುಕೊಂಡವರ ಬಳಿ 1,02,400 ಷೇರುಗಳಿರುತ್ತವೆ. ಬೆಲೆ 15 ಕೋಟಿ 36 ಲಕ್ಷ.

ಹೀಗೆ ಭಾಗಿಸಿ ಪಡೆದದ್ದನ್ನು ಹೊಂದಾಣಿಕೆ ಮಾಡಿದ ಬೆಲೆ ಎನ್ನುತ್ತಾರೆ. ಅಡಿಕೆಯ ಧಾರಣೆಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಹೊಸ ಅಡಿಕೆಯ ಧಾರಣೆಯ ಪಕ್ಕದಲ್ಲಿ ಹಳೆ ಅಡಿಕೆಯದನ್ನು ಇಟ್ಟು ಏರಿತು ಇಳಿಯಿತು ಎಂದು ನಮ್ಮ ಕಡೆಯ ಕೃಷಿಕರು ಯಾರೂ ಹೇಳುವುದಿಲ್ಲ. ಇಲ್ಲಿ ಬೇಕಾದ ಎಚ್ಚರವೂ ಅದೇ. ಇದಕ್ಕೆ ಎದುರಾದ ಉದಾಹರಣೆ ಚೆನ್ನೈಯ ಟೈರ್ ಕಂಪನಿ ಎಂಆರ್‌ಎಫ್. 2023ರ ಜೂನ್‌ನಲ್ಲಿ ಅದರ ಒಂದು ಷೇರಿನ ಬೆಲೆ ಒಂದು ಲಕ್ಷ ರೂಪಾಯಿ ದಾಟಿದ್ದಕ್ಕೆ ಮುಖ್ಯ ಕಾರಣ, ದಶಕಗಳಿಂದ ಆ ಕಂಪನಿ ಷೇರನ್ನು ಒಡೆಯದೆ ಇದ್ದದ್ದು. ಷೇರೊಂದರ ಬೆಲೆ ದೊಡ್ಡದಿದ್ದ ಮಾತ್ರಕ್ಕೆ ಕಂಪನಿ ದೊಡ್ಡದು, ಷೇರು ದುಬಾರಿ ಎಂಬ ತೀರ್ಮಾನಕ್ಕೆ ಆಧಾರವಿಲ್ಲ.

ಲಾಭಾಂಶಕ್ಕೂ ಹೊಂದಾಣಿಕೆ ಉಂಟು, ಆದರೆ ಎಲ್ಲರೂ ಅದನ್ನು ಮಾಡುವುದಿಲ್ಲ. ಹಿಂದಿನ ದಿನ 400 ರೂಪಾಯಿಯಲ್ಲಿ ಮುಗಿದ ಷೇರಿಗೆ 20 ರೂಪಾಯಿ ಲಾಭಾಂಶ ಘೋಷಣೆಯಾಗಿದ್ದರೆ, ಲಾಭಾಂಶದ ಹಕ್ಕು ಕಳಚುವ ದಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿಯಬೇಕು, ಏಕೆಂದರೆ ಆ ಹಣ ಕಂಪನಿಯಿಂದ ಹೊರಗೆ ಹೋಗುತ್ತದೆ. ಈ ಇಳಿತವನ್ನು ನಷ್ಟವೆಂದು ತೋರಿಸದಿರಲು ಆ ದಿನಕ್ಕಿಂತ ಹಿಂದಿನ ಎಲ್ಲ ಬೆಲೆಗಳನ್ನೂ 0.95ರಿಂದ ಗುಣಿಸುತ್ತಾರೆ. ಯಾಹೂ ಫೈನಾನ್ಸ್‌ನಂಥ ಕಡೆ ಹೊಂದಾಣಿಕೆಯ ಮುಕ್ತಾಯ ಬೆಲೆ ಎಂದು ಪ್ರತ್ಯೇಕ ಅಂಕಣದಲ್ಲಿ ಕೊಡುವುದು ಇಂಥದ್ದನ್ನೇ. ಇದರಿಂದ ವಿಚಿತ್ರವಾದ ಒಂದು ಪರಿಣಾಮವೂ ಇದೆ: ಪ್ರತಿ ಹೊಸ ಲಾಭಾಂಶಕ್ಕೂ ಹಿಂದಿನ ಇಡೀ ಸರಣಿ ಮತ್ತೆ ಗುಣಿಸಲ್ಪಡುವುದರಿಂದ, ಇಂದು ಜಾಲತಾಣದಿಂದ ಇಳಿಸಿಕೊಂಡ 2015ರ ಬೆಲೆಗೂ ಮುಂದಿನ ವರ್ಷ ಇಳಿಸಿಕೊಳ್ಳುವ ಅದೇ ದಿನದ ಬೆಲೆಗೂ ತಾಳೆಯಾಗುವುದಿಲ್ಲ. ಆದುದರಿಂದ ಯೋಜನಾ ವರದಿಯಲ್ಲಿ ಅಂಕಿಗಳ ಜೊತೆಗೆ ಅವುಗಳನ್ನು ಇಳಿಸಿಕೊಂಡ ದಿನಾಂಕವನ್ನೂ, ಯಾವುದಕ್ಕೆಲ್ಲ ಹೊಂದಾಣಿಕೆ ಆಗಿದೆ ಎಂಬುದನ್ನೂ ಬರೆದಿಡಬೇಕು.

ಇನ್ನು ವಿಲೀನ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಮಂಗಳೂರು ಉಡುಪಿಗಳಲ್ಲಿ ಹುಟ್ಟಿದ ಬ್ಯಾಂಕುಗಳ ಷೇರು ಇರುವ ಮನೆಗಳು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಅಪರೂಪವಲ್ಲ. ಸಿಂಡಿಕೇಟ್ ಬ್ಯಾಂಕಿನ ಬೆಲೆ ಸರಣಿ 2020ರ ಮಾರ್ಚ್‌ನಲ್ಲಿ ನಿಂತುಹೋಗುತ್ತದೆ. ಆ ವರ್ಷದ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1,000 ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು ಎಂದು ನಿಗದಿಯಾಯಿತು. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆದಾಗ ಆ 158 ಷೇರುಗಳು 790 ಆದವು. ಅಂದರೆ ಹಳೆಯ ಸಿಂಡಿಕೇಟ್ ಷೇರು ಒಂದಕ್ಕೆ ಈಗಿನ ಬೆಲೆ ಎಷ್ಟು ಎಂದು ಅಜ್ಜ ಕೇಳಿದರೆ, ಕೆನರಾ ಷೇರಿನ ಇಂದಿನ ಬೆಲೆಯನ್ನು 0.79ರಿಂದ ಗುಣಿಸಿ ಹೇಳಬೇಕು. ವಿಜಯಾ ಬ್ಯಾಂಕಿನ 1,000 ಷೇರಿಗೆ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದ 402 ಷೇರುಗಳೂ, ಕಾರ್ಪೊರೇಷನ್ ಬ್ಯಾಂಕಿನ 1,000 ಷೇರಿಗೆ 2020ರಲ್ಲಿ ಯೂನಿಯನ್ ಬ್ಯಾಂಕಿನ 330 ಷೇರುಗಳೂ ಸಿಕ್ಕಿದವು. ಬೆಲೆ ಒದಗಿಸುವ ಜಾಲತಾಣಗಳು ವಿಲೀನಕ್ಕೆ ಮುಂಚಿನ ಮತ್ತು ನಂತರದ ಸರಣಿಗಳ ಈ ಎರಡು ತುಂಡುಗಳನ್ನು ಜೋಡಿಸಿ ಕೊಡುತ್ತವೆ ಎಂದು ನಂಬಿ ಕೂರುವಂತಿಲ್ಲ. ಜೋಡಿಸುವ ಕೆಲಸವನ್ನು ನಾವೇ ಮಾಡಬೇಕು.

ಕಂಪನಿಯೊಂದು ಎರಡಾಗುವಾಗ ಇದರ ತಿರುವುಮುರುವು ನಡೆಯುತ್ತದೆ. 2023ರ ಜುಲೈ 19ರಂದು ರಿಲಯನ್ಸ್ ಷೇರು ಎನ್‌ಎಸ್‌ಇಯಲ್ಲಿ 2,841.85 ರೂಪಾಯಿಗೆ ಮುಗಿದಿತ್ತು. ಮರುದಿನ ಜಿಯೊ ಫೈನಾನ್ಷಿಯಲ್ ಬೇರ್ಪಟ್ಟ ಮೇಲೆ ವಿಶೇಷ ಅವಧಿಯಲ್ಲಿ ನಿರ್ಧಾರವಾದ ಬೆಲೆ 2,580. ನಡುವಿನ 261.85 ರೂಪಾಯಿ ಹೊಸ ಕಂಪನಿಯ ಷೇರಿನ ರೂಪದಲ್ಲಿ ಹೂಡಿಕೆದಾರರ ಬಳಿಯೇ ಉಳಿಯಿತು. ಇದನ್ನು ಒಂದೇ ದಿನದಲ್ಲಿ ಶೇ. 9ರ ಕುಸಿತವೆಂದು ಬರೆದ ವಿದ್ಯಾರ್ಥಿಯ ಉತ್ತರ ಸರಿಯಲ್ಲ.

ಇಷ್ಟು ಓದಿದವರು ಹೊಂದಾಣಿಕೆಯ ಬೆಲೆಯೇ ಯಾವಾಗಲೂ ಸರಿ ಎಂದುಕೊಂಡಾರು. ತೆರಿಗೆಯ ಲೆಕ್ಕ ಹಾಗಲ್ಲ. 2018ರ ಜನವರಿ 31 ಅಥವಾ ಅದಕ್ಕೆ ಮುನ್ನ ಕೊಂಡ ಷೇರನ್ನು ಈಗ ಮಾರಿದರೆ ಕೊಂಡ ಬೆಲೆಯೆಂದು ತೋರಿಸಬಹುದಾದ ಮೊತ್ತವನ್ನು ಎರಡು ಹೆಜ್ಜೆಗಳಲ್ಲಿ ಕಂಡುಹಿಡಿಯುತ್ತಾರೆ: 2018ರ ಜನವರಿ 31ರ ಗರಿಷ್ಠ ಬೆಲೆ ಮತ್ತು ಮಾರಿದ ಬೆಲೆ ಇವುಗಳಲ್ಲಿ ಕಡಿಮೆಯದನ್ನು ತೆಗೆದುಕೊಂಡು, ಅದು ಮತ್ತು ನಿಜವಾಗಿ ಕೊಂಡ ಬೆಲೆ ಇವುಗಳಲ್ಲಿ ಹೆಚ್ಚಿನದನ್ನು ಇಟ್ಟುಕೊಳ್ಳಬೇಕು. ಇಲ್ಲಿ ಬೇಕಾದುದು ಮುಕ್ತಾಯದ ಬೆಲೆಯಲ್ಲ, ಗರಿಷ್ಠ ಬೆಲೆ ಎಂಬುದನ್ನು ಗಮನಿಸಿ. ಇನ್ಫೋಸಿಸ್ ಆ ದಿನ 1,150 ರೂಪಾಯಿಯ ಆಸುಪಾಸಿನಲ್ಲಿತ್ತು. ಅದೇ ವರ್ಷ ಸೆಪ್ಟೆಂಬರ್‌ನ ಬೋನಸ್‌ನಿಂದಾಗಿ ಹೊಂದಾಣಿಕೆಯ ಸರಣಿಯಲ್ಲಿ ಅದು 575 ಎಂದೋ, ಲಾಭಾಂಶವನ್ನೂ ಕಳೆದಿದ್ದರೆ ಇನ್ನೂ ಕಡಿಮೆಯೆಂದೋ ಕಾಣುತ್ತದೆ. ಕಾನೂನಿನ ಪ್ರಕಾರ ಮೂಲ ಷೇರಿಗೆ 1,150ನ್ನು ಹಿಡಿಯಬೇಕು, 2018ರ ಬೋನಸ್ ಷೇರಿನ ಕೊಂಡ ಬೆಲೆ ಸೊನ್ನೆ. ಬಹಳ ಹಿಂದೆ ಅಗ್ಗದಲ್ಲಿ ಕೊಂಡವರು ಎರಡನ್ನೂ 750 ರೂಪಾಯಿಯಂತೆ ಮಾರಿದರೆ ಮೂಲ ಷೇರಿನಲ್ಲಿ ಲಾಭವಿಲ್ಲ, ಬೋನಸ್ ಷೇರಿನ 750 ಪೂರ್ತಿ ಲಾಭ. 575ನ್ನು ಎರಡಕ್ಕೂ ಹಾಕಿದವರಿಗೆ ಒಟ್ಟು ಲಾಭ 350 ಎಂದು ಬರುತ್ತದೆ. ತೆರಿಗೆ ವಿವರಣೆಯಲ್ಲಿ ಇಂಥ ವ್ಯತ್ಯಾಸ ಸಣ್ಣದಲ್ಲ.

ಏರಿಳಿತದ ಅಳತೆಯ ಬಗ್ಗೆ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ, ಇಲ್ಲಿ ಒಂದೆರಡು ಮಾತು ಸಾಕು. ದಿನದ ಬದಲಾವಣೆಯನ್ನು ಶೇಕಡಾದಲ್ಲೇ ಬರೆಯಬೇಕು. ಬಿಎಸ್‌ಇಯ ಸೂಚ್ಯಂಕವಾದ ಸೆನ್ಸೆಕ್ಸ್ 1992ರ ಏಪ್ರಿಲ್ 28ರಂದು 570 ಅಂಶ, 2020ರ ಮಾರ್ಚ್ 23ರಂದು 3,934 ಅಂಶ ಕುಸಿಯಿತು. ಶೇಕಡಾದಲ್ಲಿ ನೋಡಿದರೆ ಒಂದು ಸುಮಾರು 12.8, ಇನ್ನೊಂದು ಸುಮಾರು 13.2, ಹೆಚ್ಚುಕಡಿಮೆ ಸಮ. ದೀರ್ಘಾವಧಿಯ ನಕ್ಷೆಗೂ ಇದೇ ಕಾರಣಕ್ಕೆ ಸಮ ಶೇಕಡಾ ಬದಲಾವಣೆಗೆ ಸಮ ಎತ್ತರ ಕೊಡುವ ಲಾಗ್ ಅಳತೆ ಬೇಕು, ಇಲ್ಲವಾದರೆ ಮೊದಲ ಇಪ್ಪತ್ತು ವರ್ಷಗಳು ನೆಲಕ್ಕೆ ಅಂಟಿದ ಗೆರೆಯಾಗುತ್ತವೆ.

ಕೊನೆಯದಾಗಿ, ಹಳೆಯ ಬೆಲೆಗಳನ್ನಿಟ್ಟುಕೊಂಡು ಯಾವುದಾದರೂ ಹೂಡಿಕೆಯ ನಿಯಮವನ್ನು ಪರೀಕ್ಷಿಸುವವರು ಕಂಪನಿಗಳ ಪಟ್ಟಿಯನ್ನು ಎಲ್ಲಿಂದ ತಂದರು ಎಂಬುದನ್ನು ಕೇಳಲೇಬೇಕು. ಎನ್‌ಎಸ್‌ಇಯ ಸೂಚ್ಯಂಕವಾದ ನಿಫ್ಟಿಯ ಇಂದಿನ ಪಟ್ಟಿಯ ಐವತ್ತು ಕಂಪನಿಗಳನ್ನೇ ಹಿಡಿದು ಹದಿನೈದು ವರ್ಷ ಹಿಂದಕ್ಕೆ ಹೋದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಅವು ಗೆದ್ದು ಉಳಿದವು. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕೂಡ ಒಮ್ಮೆ ಸೆನ್ಸೆಕ್ಸ್ ಮತ್ತು ನಿಫ್ಟಿ ಎರಡರಲ್ಲೂ ಇತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರು ಲೆಕ್ಕಪತ್ರದ ವಂಚನೆಯನ್ನು ಒಪ್ಪಿಕೊಂಡಾಗ ಷೇರು ಸುಮಾರು 179 ರೂಪಾಯಿಯಿಂದ ಸುಮಾರು 40ಕ್ಕೆ ಬಿತ್ತು. ಹಿಂದಿನ ದಿನದವರೆಗಿನ ಬೆಲೆಗಳಲ್ಲಿ ಆ ವಂಚನೆಯ ಪೂರ್ತಿ ಆಳ ಯಾರಿಗೂ ಕಾಣುತ್ತಿರಲಿಲ್ಲ. ಗೃಹಸಾಲ ಕಂಪನಿಯಾದ ಡಿಎಚ್‌ಎಫ್‌ಎಲ್‌ನ ಸರಣಿ ಇನ್ನೂ ಕಷ್ಟದ್ದು. 2021ರ ಜೂನ್‌ನಲ್ಲಿ ಷೇರುಪೇಟೆಯಿಂದ ಹೊರಬೀಳುವ ಹೊತ್ತಿಗೆ ಅದರ ಕೊನೆಯ ಸಾಲಿನಲ್ಲಿ ಹದಿನಾರು ಹದಿನೇಳು ರೂಪಾಯಿಯ ಬೆಲೆ ಇದೆ, ಆದರೆ ದಿವಾಳಿ ಪ್ರಕ್ರಿಯೆಯಲ್ಲಿ ಷೇರುದಾರರಿಗೆ ದೊರೆತದ್ದು ಸೊನ್ನೆ. ಕಡತದಲ್ಲಿರುವ ಕೊನೆಯ ಬೆಲೆಯನ್ನೇ ಮಾರಾಟದ ಬೆಲೆಯೆಂದು ಕಂಪ್ಯೂಟರ್ ಎತ್ತಿಕೊಳ್ಳದಂತೆ, ಆ ಸಾಲಿನ ಕೆಳಗೆ ಸೊನ್ನೆಯನ್ನು ನಾವೇ ಕೈಯಾರೆ ಸೇರಿಸಬೇಕಾಗುತ್ತದೆ.