ಹೊಸ ರೆಗ್ಯುಲೇಷನ್‌ಗೆ ಹೋದರೆ ಎಂಎಸ್‌ಡಬ್ಲ್ಯೂ ಬ್ಯಾಕ್‌ಲಾಗ್ ಹೋಗುತ್ತಾ?

ಓದುಗರ ಪ್ರಶ್ನೆ: ಹಾಸನದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದ್ದೇನೆ, 2022ರ ಬ್ಯಾಚ್. ರಿಸರ್ಚ್ ಪೇಪರ್ ಒಂದು, ಇನ್ನೊಂದು ಥಿಯರಿ ಪೇಪರ್ ಉಳಿದಿದೆ. ಈಗ ರೆಗ್ಯುಲೇಷನ್ ಪರಿಷ್ಕರಣೆ ಆಗಿದೆ, ಹೊಸದಕ್ಕೆ ಬದಲಾಯಿಸಿಕೊಂಡರೆ ಹಳೇ ಬಾಕಿ ಬರೆಯಬೇಕಾಗಿಲ್ಲ ಅಂತಾರೆ. ಹೇಗೆ ಬದಲಾಯಿಸಿಕೊಳ್ಳೋದು?

ಹೀಗೆ ‘ಅಂತಾರೆ’ ಅನ್ನುವ ಆ ಮಹಾನುಭಾವರು ಯಾರು ಅಂತ ನನಗೆ ಇವತ್ತಿಗೂ ಪತ್ತೆಯಾಗಿಲ್ಲ. ಪರೀಕ್ಷಾ ಶುಲ್ಕದ ಅಧಿಸೂಚನೆ ಬಿದ್ದ ವಾರ ಅವರು ತಪ್ಪದೆ ಹಾಜರಿರುತ್ತಾರೆ.

ಉತ್ತರ ಚಿಕ್ಕದು. ನೀವು ಯಾವ ವರ್ಷ ಪ್ರವೇಶ ಪಡೆದಿರೋ ಆ ವರ್ಷದ ನಿಯಮಾವಳಿಯೇ ಸಾಮಾನ್ಯವಾಗಿ ನಿಮ್ಮದು. ಮಧ್ಯೆ ಪರಿಷ್ಕರಣೆ ಆದರೆ ಅದು ಮುಂದಿನ ಬ್ಯಾಚಿಗೆ. ಬಾಕಿ ಪೇಪರನ್ನು ಹಳೇ ಸ್ಕೀಮ್‌ನಲ್ಲೇ, ಅಂದರೆ ನೀವು ಸೇರಿದಾಗ ಇದ್ದ ಪಠ್ಯ, ಪರೀಕ್ಷೆಯ ವ್ಯವಸ್ಥೆಯಲ್ಲೇ ಬರೆಯಬೇಕು. ಹಳೇ ಸ್ಕೀಮ್‌ನ ಪರೀಕ್ಷೆ ನಿಂತ ಮೇಲೆ ಹೊಸದರಲ್ಲಿ ಅದಕ್ಕೆ ಸಮಾನ ಅಂತ ಗುರುತಿಸಿದ ಪೇಪರ್ ಬರೆಯಬೇಕು. ಕೋರ್ಸನ್ನೇ ಅರ್ಧಕ್ಕೆ ಬಿಟ್ಟು ಈಗ ಮರುಪ್ರವೇಶ ಪಡೆಯುವವರ ಕಥೆ ಬೇರೆ. ಅವರು ಈಗ ಯಾವ ಬ್ಯಾಚಿನ ಜೊತೆ ಕೂರುತ್ತಾರೋ ಆ ಬ್ಯಾಚಿನ ನಿಯಮಕ್ಕೆ ಒಳಪಡುತ್ತಾರೆ. ನಿಮ್ಮದು ಅದಲ್ಲ.

ಇನ್ನು ‘ಹೋಗುತ್ತೆ’ ಅನ್ನುವ ನಂಬಿಕೆಗೆ ಬರೋಣ. ಇದು ಹುಟ್ಟುವ ಜಾಗ ನನಗೆ ಚೆನ್ನಾಗಿ ಗೊತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್‌ನಲ್ಲಿ ಕೂತು ಫೀಸ್ ಕಟ್ಟಲು ಹೋಗ್ತೀರಿ. ಆನ್‌ಲೈನ್ ಫಾರ್ಮ್‌ನಲ್ಲಿ ನಿಮ್ಮ ಹಳೇ ಪೇಪರ್ ಕೋಡ್ ಕಾಣಿಸೋದಿಲ್ಲ. ಸೈಬರ್‌ನ ಹುಡುಗ “ಈ ಪೇಪರೇ ಇಲ್ಲ ಅಕ್ಕ, ತೆಗೆದುಬಿಟ್ಟವ್ರೆ” ಅಂತಾನೆ. ನಿಮಗೂ ಅದೇ ಬೇಕಾಗಿತ್ತು! ಪೇಪರನ್ನು ಸಿಲಬಸ್‌ನಿಂದ ತೆಗೆದಿರಬಹುದು. ನಿಮ್ಮ ಅಂಕಪಟ್ಟಿಯಲ್ಲಿ ಅದರ ಮುಂದೆ ಬಿದ್ದಿರುವ ಅನುತ್ತೀರ್ಣವನ್ನು ಯಾರೂ ತೆಗೆದಿಲ್ಲ.

ಎರಡನೇ ಮೂಲ, ನಿಮ್ಮ ಸೀನಿಯರ್. “ನಾನು ಹೊಸ ಸ್ಕೀಮ್‌ಗೆ ಹೋದೆ, ಪಾಸಾಯ್ತು” ಅಂದಿರುತ್ತಾರೆ, ಸುಳ್ಳೇನಲ್ಲ. ಅವರು ಬರೆದದ್ದು ಸಮಾನ ಪೇಪರ್. ಮೂರು ಗಂಟೆ ಕೂತು ಬರೆದೇ ಪಾಸಾಗಿದ್ದಾರೆ. ಆ ಭಾಗವನ್ನು ಹೇಳಿಲ್ಲ, ಅಷ್ಟೆ.

ಕೂಡಿ ಕಳೆದು ನೋಡಿದರೂ ಇದು ನಿಲ್ಲೋದಿಲ್ಲ. ಪದವಿಗೆ ಇಷ್ಟು ಕ್ರೆಡಿಟ್ ಬೇಕು ಅಂತ ಇರುತ್ತದೆ. ಫೇಲಾದ ಪೇಪರ್‌ನ ಕ್ರೆಡಿಟ್ ನಿಮ್ಮ ಖಾತೆಯಲ್ಲಿ ಸೊನ್ನೆ. ಯಾವ ಸ್ಕೀಮ್‌ಗೆ ಹಾರಿದರೂ ಆ ಸೊನ್ನೆ ನಾಲ್ಕಾಗೋದಿಲ್ಲ. ಹೊಸದಕ್ಕೆ ಪೂರ್ತಿ ಹೋದಿರಿ ಅಂತಲೇ ಇಟ್ಟುಕೊಳ್ಳಿ. ಹಳೆಯದರಲ್ಲಿ ಸಾಫ್ಟ್ ಕೋರ್ (ಆಯ್ಕೆಯ ಪೇಪರ್) ಆಗಿದ್ದು ಅಲ್ಲಿ ಹಾರ್ಡ್ ಕೋರ್ (ಕಡ್ಡಾಯ) ಆಗಿರುತ್ತೆ, ನೀವು ಓದೇ ಇಲ್ಲದ ಕಡ್ಡಾಯ ಪೇಪರ್ ಒಂದು ಸೇರಿರುತ್ತೆ. ಎರಡು ಬಾಕಿ ಇದ್ದವರು ಮೂರೋ ನಾಲ್ಕೋ ಬಾಕಿ ಮಾಡಿಕೊಂಡು ಬರುತ್ತೀರಿ. ರಿಸರ್ಚ್ ಪೇಪರ್ ಮಾತ್ರ ಎಲ್ಲೂ ಹೋಗಿರೋದಿಲ್ಲ. ಸ್ಟಾಟಿಸ್ಟಿಕ್ಸ್‌ಗೆ ಹೆದರಿ ಸ್ಕೀಮ್ ಬದಲಿಸುವವರಿಗೆ ಹೊಸ ಸ್ಕೀಮ್‌ನಲ್ಲೂ ಮೀನ್, ಮೀಡಿಯನ್, ಕೈ-ಸ್ಕ್ವೇರ್ ಬಾಗಿಲಲ್ಲೇ ಕಾಯುತ್ತಿರುತ್ತವೆ.

ಎಲ್ಲಕ್ಕಿಂತ ದೊಡ್ಡ ಏಟು ಫೀಲ್ಡ್‌ವರ್ಕಿಗೆ. ಇತಿಹಾಸದ ಎಂಎಗೂ ಎಂಎಸ್‌ಡಬ್ಲ್ಯೂಗೂ ಇರುವ ವ್ಯತ್ಯಾಸವೇ ಅದು. ವಾರಕ್ಕೆ ಎರಡು ದಿನ ಆಸ್ಪತ್ರೆಗೋ, ಮಕ್ಕಳ ರಕ್ಷಣಾ ಘಟಕಕ್ಕೋ, ಕೈಗಾರಿಕಾ ಪ್ರದೇಶದ ಕಾರ್ಖಾನೆಗೋ ಅಲೆದು, ಗ್ರಾಮೀಣ ಶಿಬಿರ ಮುಗಿಸಿ, ರಿಪೋರ್ಟ್ ಬರೆದು, ವೈವಾದಲ್ಲಿ ಬೈಸಿಕೊಂಡು ಗಳಿಸಿದ ಅಂಕ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಟ್ಟ ಚಿಲ್ಲರೆ ಇದ್ದ ಹಾಗೆ ಅದು: ಆ ಬಸ್ಸಲ್ಲೇ ವಸೂಲಾಗಬೇಕು. ಚನ್ನರಾಯಪಟ್ಟಣದಲ್ಲಿ ಇಳಿದು ಬೇರೆ ಬಸ್ ಹತ್ತಿ ಕೇಳಿದರೆ ಕೊಡುವವರಿಲ್ಲ. ಹೊಸ ಸ್ಕೀಮ್‌ನಲ್ಲಿ ಫೀಲ್ಡ್‌ವರ್ಕಿನ ಗಂಟೆ, ಕ್ರೆಡಿಟ್ ಬೇರೆ ಇದ್ದರೆ ನಿಮ್ಮ ಹಳೆಯದು ಸಲ್ಲುತ್ತೆ ಅಂತ ಅಧ್ಯಯನ ಮಂಡಳಿ ಒಪ್ಪಬೇಕು, ಅದು ವಿದ್ಯಾವಿಷಯಕ ಪರಿಷತ್ತಿನಲ್ಲಿ ಪಾಸಾಗಬೇಕು. ನಿಮ್ಮ ಗೈಡ್ ತಲೆ ಆಡಿಸಿದರೆ ಸಾಲದು. ಪಾಪ, ಅವರಿಗೆ ಆ ಅಧಿಕಾರವೇ ಇಲ್ಲ.

ಸಿಲಬಸ್ ಬದಲಾದದ್ದನ್ನೂ ರೆಗ್ಯುಲೇಷನ್ ಬದಲಾದದ್ದನ್ನೂ ದಯವಿಟ್ಟು ಬೆರೆಸಬೇಡಿ. ಪುಸ್ತಕ, ಘಟಕ ಬದಲಾದರೆ ಅದು ಸಿಲಬಸ್. ಪಾಸಾಗಲು ಎಷ್ಟು ಅಂಕ, ಹಾಜರಾತಿ ಎಷ್ಟು, ಎಷ್ಟು ವರ್ಷದೊಳಗೆ ಮುಗಿಸಬೇಕು ಅನ್ನೋದು ರೆಗ್ಯುಲೇಷನ್. ನಿಮಗೆ ನಿಜವಾಗಿ ತಲೆನೋವಾಗಬೇಕಾದದ್ದು ಕೊನೆಯದು. ಕೋರ್ಸಿನ ಅವಧಿಯ ಮೇಲೆ ಎರಡು ವರ್ಷ, ತೀರಾ ವಿಶೇಷ ಸಂದರ್ಭದಲ್ಲಿ ಇನ್ನೊಂದು ವರ್ಷ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆ ಲೆಕ್ಕದಲ್ಲಿ 2022ರಲ್ಲಿ ಸೇರಿದವರಿಗೆ 2026. ಸ್ಕೀಮ್ ಬದಲಿಸುವ ಯೋಚನೆಯಲ್ಲಿ ಎರಡು ಪರೀಕ್ಷೆ ತಪ್ಪಿಸಿಕೊಂಡವರಿದ್ದಾರೆ. ಅವರಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಹಾಸನದವರಿಗೆ ಇನ್ನೊಂದು ಗೊಂದಲ ಉಚಿತ. ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯಿತು. 2025ರಲ್ಲಿ ಅದನ್ನೂ ಸೇರಿಸಿ ಒಂಬತ್ತು ವಿವಿಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂತು. ಇದ್ಯಾವುದೂ ನಿಮ್ಮ ಬಾಕಿಯನ್ನು ಮುಟ್ಟೋದಿಲ್ಲ. ಅಂಕಪಟ್ಟಿಯ ತಲೆಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿನ ಮೌಲ್ಯಮಾಪನ ಕುಲಸಚಿವರಿಗೆ ವಿಭಾಗದ ಮುಖ್ಯಸ್ಥರ ಮೂಲಕ ಅರ್ಜಿ ಕೊಡಿ. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಲಗತ್ತಿಸಿ, ಬಾಕಿ ಪೇಪರ್‌ನ ಹಳೇ ಕೋಡ್ ಬರೆದು, “ಇದಕ್ಕೆ ಸಮಾನ ಪೇಪರ್ ಯಾವುದು, ಹಳೇ ಸ್ಕೀಮ್ ಪರೀಕ್ಷೆ ಎಲ್ಲಿಯವರೆಗೆ” ಅಂತ ಎರಡೇ ಪ್ರಶ್ನೆ ಕೇಳಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ. ಚಿಕ್ಕಮಗಳೂರಿನವರು ಇದೇ ಅರ್ಜಿ ಹಿಡಿದು ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದ ದಾರಿ ಹಿಡಿಯಬೇಕು. ವಾಟ್ಸಾಪ್ ಗ್ರೂಪಿನಲ್ಲಿ “ಯಾರಿಗಾದ್ರೂ ಗೊತ್ತಾ ಫ್ರೆಂಡ್ಸ್” ಅಂತ ಹಾಕಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಕೀಮ್ ಬದಲಿಸುವವರು ಸ್ಪೆಷಲೈಸೇಷನ್ ಏನಾಗುತ್ತೆ ಅಂತ ಯಾಕೆ ವಿಚಾರಿಸೋದಿಲ್ಲ? ಎಂಎಸ್‌ಡಬ್ಲ್ಯೂ ಆದವರು ಕಣ್ಣಿಡುವ ಕಲ್ಯಾಣಾಧಿಕಾರಿ ಕೆಲಸವನ್ನೇ ನೋಡಿ. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಬೇಕು ಅಂದಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಆ ಸಂಖ್ಯೆ 300. ಸಕಲೇಶಪುರ, ಮೂಡಿಗೆರೆ ಕಡೆಯ ದೊಡ್ಡ ಎಸ್ಟೇಟುಗಳು ಇದರೊಳಗೇ ಬರುತ್ತಿದ್ದವು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಎರಡಕ್ಕೂ 250 ಅಂತ ಮಾಡಿದೆ. ಕೆಲಸಕ್ಕೆ ಕರೆದವರು ನೀವು ಎಚ್‌ಆರ್ ಓದಿದ್ದೀರೋ, ಕಾರ್ಮಿಕ ಕಾನೂನಿನ ಪೇಪರ್ ಇತ್ತೋ ಅಂತ ಅಂಕಪಟ್ಟಿ ತಿರುಗಿಸಿ ನೋಡುತ್ತಾರೆ. ಹೊಸ ಸ್ಕೀಮ್‌ನಲ್ಲಿ ಸ್ಪೆಷಲೈಸೇಷನ್ ಸಡಿಲವಾಗಿ, ಆ ಪೇಪರ್ ಐಚ್ಛಿಕದಲ್ಲಿ ಎಲ್ಲೋ ಮೂಲೆಗೆ ಬಿದ್ದಿದ್ದರೆ ನಷ್ಟ ನಿಮಗೇ. ಮನೋವೈದ್ಯಕೀಯ ಸಮಾಜಕಾರ್ಯದ ಕನಸಿರುವವರಿಗೆ ಹಳೇದಾದರೂ ಹೊಸದಾದರೂ ಎಂಎಸ್‌ಡಬ್ಲ್ಯೂ ಒಂದೇ ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಕೇಳುತ್ತದೆ.

ಹಾಗಾಗಿ ಅರ್ಜಿ ಕೊಡಲು ಹೋದ ದಿನವೇ ನಿಮ್ಮ ಬ್ಯಾಚಿನ ಸಿಲಬಸ್ ಪ್ರತಿಗೆ ವಿಭಾಗದ ಮುದ್ರೆ ಹಾಕಿಸಿ ತೆಗೆದಿಟ್ಟುಕೊಳ್ಳಿ. ಹೊಸದು ವೆಬ್‌ಸೈಟ್ ಹತ್ತಿದ ಮೇಲೆ ಹಳೆಯದನ್ನು ಹುಡುಕಿಕೊಡುವಷ್ಟು ಪುರುಸೊತ್ತು ಆಫೀಸಿನಲ್ಲಿ ಯಾರಿಗೂ ಇರೋದಿಲ್ಲ.